ಬಲಗಾಲಿನ ಮ್ಯಾಲೆ ಭಾರ

ಮಾವಾ, ಶರಣ್ರಿ.

ಬೆಟಗೇರಿಯಿಂದ ನಿಮ್ಮ ಅಳಿಯ ಫಕೀರಪ್ಪ ಬರಿಯಾಕತ್ತೀನಿ. ನಿಮ್ಮ ಮಗಳು ನೀಲವ್ವ ಒಳಗ ರೊಟ್ಟಿ ಬಡಿಯಾಕತ್ತಾಳ. ನೀವು ಕಣ್ಣು ಮುಚ್ಚಿದಮ್ಯಾಲೆ ನಮಗೇನೇನಾತು, ಯಾರಿಗೆ ಹೇಳ್ಲಿ?

ಶ್ರಾವಣದಾಗ ಬಾವಿ ಕಟ್ಟಿ ಪಾಚಿಗಟ್ಟಿತ್ತು. ತುಂಬಿದ ಕೊಡ ಹೆಗಲಿಗಿಟ್ಟು ತಿರುಗಿದ್ದಷ್ಟ ನೆನಪೈತಿ. ಬಿದ್ದಾಗ ಒಣ ಕಟಿಗಿ ಮುರದಂಗ ಸಪ್ಪಳಾತು. ಗದಗಿನ ದವಾಖಾನ್ಯಾಗ ಡಾಕ್ಟರು, ಸೊಂಟದ ಕೀಲಿನ ಹತ್ರನ ಬಲಗಾಲಿನ ತೊಡಿ ಎಲುವು ಮುರದೈತಿ ಅಂದ್ರು. ಕಾಲಿಗೆ ಹಗ್ಗ ಕಟ್ಟಿ, ಅದಕ್ಕ ಉಸುಕಿನ ಚೀಲ ಜೋತುಬಿಟ್ಟು ಮಲಗಿಸಿದ್ರು.

ಕನ್ನಡ ನಾಡು ಒಂದಾದ ಖಬರ ನನಗ ಆ ಹಾಸಿಗಿ ಮ್ಯಾಲೆ ಸಿಕ್ಕಿತು. ಬೀದ್ಯಾಗ ಹಲಗಿ ಬಾರಿಸಿದ್ರು, ನರ್ಸಬಾಯಿ ನನ್ನ ಬಾಯಾಗ ಪೇಢೆ ಇಟ್ಲು. ಮುಂಡರಗಿ ದಾಟಿ ಕೊಪ್ಪಳಕ್ಕ ನಿಮ್ಮ ತಂಗೀನ ನೋಡಾಕ ಹೊಂಟಾಗ ನಿಜಾಮನ ಗಡಿ ನಾಕಾದಾಗ ಪೊಲೀಸರು ನಮ್ಮ ಗಂಟು ಬಿಚ್ಚಿಸಿದ್ರಲ್ಲ? "ಒಂದ ಮಾತಾಡೋರ ನಡುವ ಇದೆಂಥಾ ಗ್ವಾಡಿ ಲೇ, ಫಕೀರ್ಯಾ?" ಅಂದಿದ್ರಿ. ಗ್ವಾಡಿ ಬಿತ್ತು, ಮಾವಾ. ದಾಟಾಕ ನೀವಿಲ್ಲ. ನಾ ಇದ್ದರೂ...

ಕಡೀಕೆ ಬಗಲಾಗ ಎರಡು ಊರುಗೋಲು ಕೊಟ್ಟು ನಿಲ್ಲಿಸಿದ್ರು. "ಕಾಲು ನೆಲಕ್ಕ ಬರೇ ತಾಗಿಸು. ಭಾರ ಆಮ್ಯಾಲೆ ಸಾವಕಾಶ ಹಾಕೂಣಂತ," ಅಂದ್ರು ಡಾಕ್ಟರು. ಮನ್ಯಾಗ ನೀಲವ್ವ ಹಿಂದ ನಿಂತು ನನ್ನ ಧೋತರ ಬಿಗಿಯಾಗಿ ಹಿಡಕೊಂಡು ನಡಸತಿದ್ಲು. "ಮೊದಲ ಕೋಲ್ರಿ. ಆಮ್ಯಾಲೆ ಮುರದ ಕಾಲು. ಈಗ ಛಲೋ ಕಾಲು." ಭಾರ ಹೆಚ್ಚಿಸಿದಂಗ ಕೀಲಿನಾಗ ಬೆಂಕಿ ಬೀಳತಿತ್ತು. ಹಲ್ಲು ಕಚ್ಚಿ ನಡದೆ. ನಡದರ ಕೂಡತೈತಿ ಅಂತ ನಂಬಿದ್ದೆ.

ಮೊನ್ನೆ ಡಾಕ್ಟರು ಮತ್ತ ಎಲುವಿನ ಫೋಟೋ ತಗದು, ಬೆಳಕಿಗೆ ಹಿಡಿದು ನೋಡಿದ್ರು.

"ಎಲುವು ಕೂಡಿಲ್ಲಪಾ."

"ಮತ್ತ ಯಾವಾಗ ಕೂಡತೈತ್ರಿ?"

ಅವರು ನನ್ನ ಮಾರಿ ನೋಡಲಿಲ್ಲ. ನೀಲವ್ವನ ಕಡೆ ತಿರುಗಿ, "ಇನ್ನ ಕೋಲು ಬಿಡಿಸಬ್ಯಾಡವಾ," ಅಂದ್ರು.

ನೀವು ನನ್ನ ಮೊದಲ ಸಲ ಮಗ್ಗದ ಕೆಳಗಿನ ಕಾಲು ಇಳಿಬಿಡೋ ಕುಣಿಗೆ ಇಳಿಸಿದ ದಿನ, "ಕೈ ಆಮ್ಯಾಲೆ ಕಲೀತಾವ, ಮೊದಲ ಕಾಲಿಗೆ ಕಲಸು," ಅಂದಿದ್ರಿ. ನಿನ್ನೆ ನೀಲವ್ವ ಹೊರಗ ಹೋದಾಗ ಒಬ್ಬನ ಕುಣಿ ಅಂಚಿಗೆ ಕುಂತು ಜಾರಿ ಇಳದೆ. ಎಡಗಾಲಿಲೆ ತುಳದೆ, ಮಗ್ಗದ ತುಳಿಯೋ ಹಲಗಿ ಇಳೀತು. ಬಲಗಾಲಿಲೆ ತುಳದೆ. ಹಲಗಿ ಅಲುಗಲಿಲ್ಲ. ಮತ್ತ ತುಳದೆ... ಮ್ಯಾಲೆ ಏರಾಕೂ ಆಗಲಿಲ್ಲ.

ಆಕಿ ಬಂದು ನೋಡಿದ್ಲು. ಬೈಲಿಲ್ಲ. ಅಂಚಿಗೆ ಕುಂತು ನನ್ನ ತಲಿ ಮ್ಯಾಲೆ ಕೈಯಿಟ್ಲು.

"ಮಗ್ಗ ಮಾರತೀನಂತ ಹೇಳಿ ಬಂದೀನ್ರಿ. ನಾಳೆ ಬಿಚ್ಚಿ ಒಯ್ತಾರ."

"ಅದು ನಿಮ್ಮಪ್ಪನ ಮಗ್ಗ."

"ಹೂಂ," ಅಂದ್ಲು. ನನ್ನ ಬಗಲಿಗೆ ಕೈ ಕೊಟ್ಟು ಮ್ಯಾಲೆ ಎಳದ್ಲು.

ಇವತ್ತ ಒಯ್ದ್ರು, ಮಾವಾ. ಕುಣಿ ಅಷ್ಟ ಉಳದೈತಿ. ನಾಳೆ ನೀಲವ್ವ ಅದಕ್ಕ ಮಣ್ಣು ಹಾಕಿ ಮುಚ್ಚತಾಳಂತ. ಕೋಲು ಊರಿಕೊಂಡು ಓಡಾಡೋವಾಗ ನಾ ಅದರಾಗ ಬೀಳಬಾರದಂತ.