ಹೆಸರು ಕತ್ತರಿಸಿದ ಉತ್ತರಪತ್ರಿಕೆ

ಹ್ವೇ, ಜೂನ್ ೧೨

ಅಪ್ಪಾ,

ನೀವು ಹೋಗಿ ಮೂರು ವರ್ಷವಾಯಿತು. ಇವತ್ತು ಮೌಲ್ಯಮಾಪನದ ಕೋಣೆಯಲ್ಲಿ ನೀವು ಕೂರುತ್ತಿದ್ದ ಕಿಟಕಿಯ ಪಕ್ಕವೇ ಕೂತಿದ್ದೆ. ಹನೋಯಿಯಿಂದ ಏನೇನೋ ಹೊಸ ನಿಯಮ ಬಂದರೂ ಒಂದು ಪದ್ಧತಿ ಬದಲಾಗಿಲ್ಲ. ಉತ್ತರಪತ್ರಿಕೆಯ ಮೇಲ್ತುದಿಯಲ್ಲಿ ಹೆಸರಿರುವ ಭಾಗವನ್ನು ಆಫೀಸಿನವರು ಕತ್ತರಿಸಿ, ಬರೀ ಒಂದು ಸಂಖ್ಯೆ ಹಾಕಿ ಕಳಿಸುತ್ತಾರೆ. ಹದಿನೇಳನೆಯ ಪತ್ರಿಕೆ ಬಿಚ್ಚಿದ ಕೂಡಲೇ ನನ್ನ ಕೈ ನಿಂತಿತು. ಅಕ್ಷರಗಳ ಮೇಲೆ ಅಕ್ಕಿಕಾಳು ಚೆಲ್ಲಿದ ಹಾಗೆ ಓರೆಯಾಗಿ ಬಿದ್ದ ಸ್ವರಚಿಹ್ನೆಗಳು. ತಂಗಿಯ ಮಗಳು ಮಿಯೆನ್‌ಳದೇ ಬರಹ.

ಎದ್ದುಹೋಗಿ, ಆಗ ನಿಮ್ಮ ಜೊತೆ ಪತ್ರಿಕೆ ತಿದ್ದುತ್ತಿದ್ದ ತ್ವಾನ್ ಮೇಷ್ಟ್ರ ಮುಂದಿಟ್ಟೆ. "ಇದನ್ನ ನೀವೇ ನೋಡಿ ಸರ್, ಯಾರ ಅಕ್ಷರ ಅಂತ ನಂಗೆ ಗೊತ್ತಾಗೋಯ್ತು."

ಅವರು ಕನ್ನಡಕ ಹಣೆಗೇರಿಸಿ ನಕ್ಕರು. "ಅಪ್ಪನ ಮಗಳೇ ಬಿಡಮ್ಮ ನೀನು! ಅವತ್ತು ನಿನ್ನ ಪೇಪರ್ ಬಂದಾಗ ನಿಮ್ಮಪ್ಪನೂ ಹೀಗೇ ತಂದುಕೊಟ್ರು. ಅದಕ್ಕೂ ಮುಂಚೆ ಅರ್ಧ ಗಂಟೆ ಸುಮ್ನೆ ಹಿಡ್ಕೊಂಡು ಕೂತಿದ್ರು, ಟೀ ಆರಿಹೋಯ್ತು. ಪಾಸಿಗೆ ಅರ್ಧ ಅಂಕ ಕಮ್ಮಿ ಹಾಕಿದ ಪಾಪಿ ನಾನೇ."

ನನಗದು ಗೊತ್ತೇ ಇರಲಿಲ್ಲ. ಫೇಲಾದ ದಿನ ಅನ್ನದ ಬಟ್ಟಲು ತಳ್ಳಿ ಕೂಗಿದ್ದೆ, "ಸ್ವಂತ ಮಗಳ ಅಕ್ಷರ ಕೂಡ ಗುರುತು ಸಿಗಲಿಲ್ವಾ ನಿಮಗೆ?"

ನೀವು ಮೀನಿನ ಮುಳ್ಳು ಬಿಡಿಸುತ್ತ, "ಹೆಸರೇ ಇರ್ಲಿಲ್ವಲ್ಲ ಮಗಳೇ" ಎಂದಿರಿ. ಆಮೇಲೆ ಆ ಮೀನನ್ನು ನನ್ನ ಬಟ್ಟಲಿಗೇ ಹಾಕಿದಿರಿ. ನಾನು ಮುಟ್ಟಲಿಲ್ಲ.

ಮರುಪರೀಕ್ಷೆಯಲ್ಲಿ ಪಾಸಾದೆ, ನೀವಿದ್ದ ಇದೇ ವಿಭಾಗಕ್ಕೆ ಪಾಠ ಹೇಳಲು ಬಂದೆ. ಆ ಮಾತನ್ನು ನಾನು ಮತ್ತೆ ಎತ್ತಲಿಲ್ಲ, ನೀವೂ ಎತ್ತಲಿಲ್ಲ.

ಈ ಕಾಗದದ ಕೆಳಗೆ ಹೆಸರು ಬರೆಯುವುದಿಲ್ಲ, ಅಪ್ಪಾ. ಅಕ್ಷರ ನೋಡಿದರೆ ನಿಮಗೆ ಗೊತ್ತಾಗುತ್ತದೆ.