ತಿದ್ದಿದ ತವರೂರು

ಸತ್ತಿ, ೧೪ ಜೂನ್ ೨೦೧೧

ನಿಪ್ಪಾಣಿಯ ಕಾಂಚನ ಅಕ್ಕಾರಿಗೆ ಮುರಗೆಪ್ಪನ ನಮಸ್ಕಾರ್ರಿ.

ನಿಮಗ ನನ್ನ ಗುರುತಿಲ್ಲ. ಹವ್ಯಾಸಕ್ಕಂತ ನಮ್ಮೂರು ಸತ್ತಿ ಹೆಸರಿಲೆ ಒಂದು ವೆಬ್‌ಸೈಟ್ ಮಾಡೇನಿ. ನಿಮ್ಮ ವೆಬ್‌ಸೈಟಿನ್ಯಾಗ ನಿಮ್ಮ ತಾಯಿಯವರ ಬೀಸುಕಲ್ಲಿನ ಪದ ಅದಾವಲ್ರಿ, ಅವನ್ನ ನಿಮ್ಮನ್ನ ಕೇಳಲಾರದ ನನ್ನದರಾಗ ಹಾಕ್ಕೊಂಡೆ. ಅಷ್ಟಕ್ಕ ಬಿಡಲಿಲ್ಲ. ಅವರು ತವರೂರು ಯಡೂರು ಅಂತ ಹಾಡಿದ್ದನ್ನ ಸತ್ತಿ ಅಂತ ತಿದ್ದಿ, ಕೆಳಗ ನಮ್ಮವ್ವ ಶಿವಗಂಗವ್ವನ ಹೆಸರು ಬರದೆ.

ಹಿಗ್ಗತಾಳ ಅಂತ ಮೊನ್ನೆ ಅವ್ವಗ ಓದಿ ಹೇಳಿದೆ. "ನನ್ನ ತವರು ಹಾರೂಗೇರಿ. ಸತ್ತಿ ಗಂಡನ ಊರು. ಗಂಡನ ಊರಿಗೆ ತವರು ಅಂತ ಯಾವ ಹೆಣಮಗಳು ಹಾಡ್ತಾಳೋ? ಯಾರ ಪದ ಇವು?" ಅಂದ್ಲು. ನಿಮ್ಮ ತಾಯಿಯವರ ಪದ ಅಂತ ಒಪ್ಪಿಕೊಂಡೆ.

ಅವತ್ತ ಎಲ್ಲಾ ತಗದು ಹಾಕೇನ್ರಿ. ನೀವು ಹೂಂ ಅಂದ್ರ ಮತ್ತ ಹಾಕ್ತೇನಿ, ಯಡೂರು ಅಂತನ, ನಿಮ್ಮ ತಾಯಿಯವರ ಹೆಸರಿಲೆ. ಇದನ್ನ ಮೊದಲ ಕೇಳಬೇಕಿತ್ತು, ತಪ್ಪಾತ್ರಿ.

ಒಲ್ಲೆ ಅಂತಿದ್ರೂ ಒಂದು ಸಾಲು ಬರೀರಿ. ಅವ್ವ ದಿನಾ ಕೇಳಾಕತ್ತಾಳ, "ಆಕಿ ತವರು ಆಕಿಗೆ ತಿರುಗಿ ಕೊಟ್ಟಿಯೇನೋ?" ಅಂತ.

ತಲಿ ತಗ್ಗಿಸಿ,
ಮುರಗೆಪ್ಪ