ಒಲವು: ಉದಾಹರಣೆಗೆ ಒಂದು ವಾಕ್ಯ

ಮಾರ್ಚ್ ೧೨, ಸಂಜೆ

ರೀ,

ಕ್ಷೇಮ. ಮೊದಲು 'ಪ್ರೀತಿಯ' ಎಂದು ಬರೆದು, ಹೊಡೆದುಹಾಕಿ, ಬರೀ 'ರೀ' ಎಂದಿಟ್ಟಿದ್ದೇನೆ. ನಿಘಂಟಿನ ಕೆಲಸದವಳು ನಾನು. ಪದವನ್ನು ಬಾಯಿಗೆ ಬಂದಂತೆ ಬಳಸಿದರೆ ಆಮೇಲೆ ನನಗೇ ಕಿರಿಕಿರಿ.

ನಿಮ್ಮ ಪತ್ರ ಸಿಕ್ಕಿತು. ಆರು ತಿಂಗಳಿಂದ ತಂಗಿಯ ಮನೆಯ ಮಹಡಿಯಲ್ಲಿ ಕೂತಿದ್ದು ಸಾಕು, ಮನೆಗೆ ಬಾ, ನಿನ್ನ ಮೇಲೆ ನನಗೆಷ್ಟು ಮಮತೆಯಿದೆ ಎಂದು ಗೊತ್ತಿಲ್ಲವೇ ಎಂದು ಕೇಳಿದ್ದೀರಿ. ಬರಬೇಕೋ ಬೇಡವೋ ಎಂಬುದನ್ನು ಈ ಪತ್ರದಲ್ಲೇ ಇತ್ಯರ್ಥ ಮಾಡಿಬಿಡುತ್ತೇನೆ. ಎಳೆದಾಡುವುದು ನನ್ನ ಜಾಯಮಾನವಲ್ಲ.

ಮೊದಲು ನಿಮ್ಮ ಮಮತೆ. 'ಮಮ' ಎಂದರೆ ನನ್ನದು. ನನ್ನ ಕುರ್ಚಿ, ನನ್ನ ಕನ್ನಡಕ, ನನ್ನ ಹೆಂಡತಿ. ಕುರ್ಚಿಗೆ ಅಷ್ಟು ಸಾಕು, ನನಗೆ ಸಾಲದು. ವಾತ್ಸಲ್ಯ ಬಂದದ್ದು 'ವತ್ಸ'ದಿಂದ, ಅಂದರೆ ಕರು. ನಿಮ್ಮನ್ನು ನೆಕ್ಕಿ ನೆಕ್ಕಿ ಸಾಕುವಷ್ಟು ಪುರುಸೊತ್ತು ನನಗಿಲ್ಲ. ಅನುರಾಗದೊಳಗಿನ 'ರಾಗ' ಎಂದರೆ ಬಣ್ಣ. ನಮ್ಮದು ಒಗೆದು ಒಗೆದು ಮಾಸಿದೆ, ಅದರ ಬಗ್ಗೆ ಬೇಸರವೂ ಇಲ್ಲ. ನನಗೆ ಹಿಡಿಸುವುದು ಸ್ನೇಹ. ಅದಕ್ಕೆ ಎಣ್ಣೆ, ಜಿಡ್ಡು ಎಂಬ ಅರ್ಥವೂ ಉಂಟು. ಬಾಗಿಲು ಕಿರುಗುಟ್ಟಿದಾಗ ಎರಡು ತೊಟ್ಟು ಬಿಟ್ಟರೆ ಸುಮ್ಮನಾಗುತ್ತದಲ್ಲ, ಅದು.

ಇನ್ನು ನಾನು ಯಾಕೆ ಹೊರಟೆ ಎಂಬುದು. ಇಪ್ಪತ್ತು ವರ್ಷ ನಮ್ಮ ಊಟದ ಮೇಜೇ ಕಚೇರಿ. ಪದದ ಮೂಲ ಹುಡುಕುವುದು ನಾನು, ಉದಾಹರಣೆಗೆ ವಾಕ್ಯ ಕಟ್ಟುವುದು ನೀವು. ಒಂದು ದಿನ ಪ್ರಕಾಶಕರ ಕಚೇರಿಗೆ ಹೋಗಿದ್ದಾಗ ಅಲ್ಲಿ ಕರಡು ತಿದ್ದುವ ಅಕ್ಕ ಪ್ರೀತಿಯ ಪದಗಳನ್ನೆಲ್ಲ ಒಟ್ಟಿಗೆ ಇಟ್ಟುಕೊಂಡು ಜೋರಾಗಿ ಓದುತ್ತಿದ್ದರು. ಅವಳು ಅಕ್ಕರೆಯಿಂದ ಬಡಿಸಿದಳು. ಅವಳು ಒಲವಿನಿಂದ ಬಾಗಿಲಲ್ಲಿ ಕಾದಳು. ಅವಳು ಕಕ್ಕುಲತೆಯಿಂದ ಅವನ ಅಂಗಿಗೆ ಗುಂಡಿ ಹೊಲಿದಳು. ಪೆನ್ಸಿಲ್ ಕೆಳಗಿಟ್ಟು ನನ್ನನ್ನು ಕೇಳಿದರು:

"ಅಲ್ಲ ಕಣೇ, ನಿಮ್ಮ ನಿಘಂಟಲ್ಲಿ ಗಂಡಸರು ಯಾರನ್ನೂ ಪ್ರೀತಿಸೋದೇ ಇಲ್ವಾ?"

ಇಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಮನೆಗೆ ಬಂದು ನಿಮಗೆ ಹೇಳಿದರೆ, ವಾಕ್ಯದಲ್ಲಿ ತಪ್ಪೇನಾದರೂ ಇದೆಯೇ ಎಂದು ಕೇಳಿ ಮಜ್ಜಿಗೆಗೆ ಲೋಟ ಮುಂದೆ ಚಾಚಿದಿರಿ. ಆಗ ನನಗೆ ನಗು ಬರಲಿಲ್ಲ, ಮೈಯೆಲ್ಲ ಉರಿಯಿತು. ಆ ವಾಕ್ಯಗಳಲ್ಲಿದ್ದವಳು ಬೇರೆ ಯಾರೂ ಅಲ್ಲ, ನಾನೇ. ಮರುದಿನ ಗಂಟುಮೂಟೆ ಕಟ್ಟಿದೆ.

ಈಗ ತೀರ್ಮಾನ. ಬಾ ಎಂದ ಮಾತ್ರಕ್ಕೆ ನಾನು ಬರುವುದಿಲ್ಲ. ಒಲವು ಹುಟ್ಟಿದ್ದು 'ಒಲಿ' ಎಂಬ ಕ್ರಿಯಾಪದದಿಂದ. ಅದು ಮಾಡುವ ಕೆಲಸ, ಸ್ವಾಮೀ, ಕೂತು ಅನುಭವಿಸುವ ಆಸ್ತಿಯಲ್ಲ. ಪುಸ್ತಕ ಅಚ್ಚಿಗೆ ಹೋಗುವ ಮುಂಚೆ ಒಲವಿಗೊಂದು ಹೊಸ ವಾಕ್ಯ ಬೇಕು, ಅದರಲ್ಲಿ ಏನಾದರೂ ಮಾಡುವವನು 'ಅವನು' ಆಗಿರಬೇಕು. ಮೊದಲು ಮಾಡಿ, ಆಮೇಲೆ ಬರೆಯಿರಿ. ಬರೆದುಬಿಡುವುದರಲ್ಲಿ ನೀವು ಎಷ್ಟು ಚುರುಕು ಎಂದು ನನಗೆ ಗೊತ್ತಿದೆ.

ನಿಮ್ಮನ್ನು ಬಿಟ್ಟು ಸುಖವಾಗಿದ್ದೇನೆ ಎಂದು ಸುಳ್ಳು ಹೇಳಲಾರೆ. ಯಾವುದೋ ಪದದ ಮೂಲ ಥಟ್ಟನೆ ಹೊಳೆದಾಗ ಹೇಳಲು ಬಾಯಿ ತೆರೆಯುತ್ತೇನೆ, ಎದುರಿಗೆ ಗೋಡೆ. ತಂಗಿಗೆ ಹೇಳಿದರೆ ಅಕ್ಕಾ ಸ್ವಲ್ಪ ಮಲಗು ಎನ್ನುತ್ತಾಳೆ. ನಿಮ್ಮ ನೆನಪಾಗುತ್ತದೆ, ತುಂಬಾ ಆಗುತ್ತದೆ. ಆದರೂ ಷರತ್ತು ಷರತ್ತೇ.

ಇಂತಿ,
ನಿಮ್ಮ ಮುಂಗೋಪಿ

ತಾ.ಕ.: ಗುರುವಾರ ನನ್ನ ಬಲಗಣ್ಣಿನ ಪೊರೆ ತೆಗೆಯುತ್ತಾರೆ. ಹೆದರಿಕೆಯೇನೂ ಇಲ್ಲ ಎಂದು ಎಲ್ಲರಿಗೂ ಹೇಳಿದ್ದೇನೆ. ಇದೆ. ತಂಗಿ ಬರುತ್ತೇನೆಂದಳು, ಬೇಡವೆಂದೆ. ಜೊತೆಗೆ ಯಾರಿರುತ್ತಾರೆ ಎಂದು ನರ್ಸ್ ಕೇಳಿದಾಗ ನನ್ನ ಗಂಡ ಎಂದುಬಿಟ್ಟೆ. ಬೆಳಿಗ್ಗೆ ಏಳಕ್ಕೆ. ನಿಮ್ಮನ್ನು ಒಳಗೆ ಬಿಡುವುದಿಲ್ಲ, ಬಾಗಿಲ ಹೊರಗೆ ಬೆಂಚಿದೆ.